ಮರಳಿನ ಬಿಸಿ, ಮೊಟ್ಟೆಯ ಗುಟ್ಟು

ಶಿವರಾತ್ರಿ ಕಳೆದು ಬಿಸಿಲು ಬಲಿತಂತೆ ರಂಗನತಿಟ್ಟಿನಲ್ಲಿ ಕಾವೇರಿ ಇಳಿಯುತ್ತದೆ, ಬಂಡೆಗಳು ಮೇಲೇಳುತ್ತವೆ. ದೋಣಿಯಲ್ಲಿದ್ದವರೆಲ್ಲ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಹಲ್ಲು ನೋಡುತ್ತಿದ್ದರು. ನನ್ನ ಕಣ್ಣು ದಡದ ಮಣ್ಣಿನ ಮೇಲಿತ್ತು. ಈ ಕಾಲದಲ್ಲೇ ಹೆಣ್ಣು ಮೊಸಳೆ ದಡ ಹತ್ತಿ, ಹಿಂಗಾಲಿನಿಂದ ಗುಂಡಿ ತೋಡಿ, ಇಪ್ಪತ್ತು ಮೂವತ್ತು ಮೊಟ್ಟೆಯಿಟ್ಟು ಮುಚ್ಚುತ್ತದೆ. ಆ ಹೊತ್ತಿಗೆ ಆ ಮೊಟ್ಟೆಗಳಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ.

ಮನುಷ್ಯರಲ್ಲಿ ಗಂಡೋ ಹೆಣ್ಣೋ ಎಂಬುದು ಗರ್ಭ ಕಟ್ಟುವ ಗಳಿಗೆಯಲ್ಲೇ ತೀರ್ಮಾನವಾಗುತ್ತದೆ. ತಾಯಿ ಕೊಡುವುದು ಯಾವಾಗಲೂ ಎಕ್ಸ್ ವರ್ಣತಂತು. ತಂದೆಯಿಂದ ಬಂದದ್ದು ಎಕ್ಸ್ ಆದರೆ ಹೆಣ್ಣು, ವೈ ಆದರೆ ಗಂಡು. ಹೀಗಿದ್ದೂ ಹೆಣ್ಣು ಹೆತ್ತಳೆಂದು ಸೊಸೆಯನ್ನೇ ದೂರುವ ಮನೆಗಳು ಇನ್ನೂ ಇವೆ, ಅದನ್ನು ನೆನೆದರೆ ಸಂಕಟವಾಗುತ್ತದೆ. ಮೊಸಳೆಗೆ ಇಂಥ ಲಿಂಗ ವರ್ಣತಂತುಗಳೇ ಇಲ್ಲ. ಜೆಫ್ರಿ ಲ್ಯಾಂಗ್, ಹ್ಯಾರಿ ಆಂಡ್ರ್ಯೂಸ್ ಮತ್ತು ರೋಮುಲಸ್ ವಿಟೇಕರ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಈ ಜೌಗು ಮೊಸಳೆಯದೇ. 28ರಿಂದ 31 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಟ್ಟ ಮೊಟ್ಟೆಗಳಿಂದ ಬಂದವೆಲ್ಲ ಹೆಣ್ಣು. 32.5ರಲ್ಲಿ ಎಲ್ಲವೂ ಗಂಡು. ನಡುವಿನ ಅಂತರ ಒಂದೂವರೆ ಡಿಗ್ರಿ! ಜ್ವರ ಬಂದಿದೆಯೋ ಇಲ್ಲವೋ ಎಂದು ಮಗುವಿನ ಹಣೆ ಮುಟ್ಟಿ ಅನುಮಾನಿಸುತ್ತೇವಲ್ಲ, ಅಷ್ಟೇ ವ್ಯತ್ಯಾಸ.

ಜಗತ್ತಿಗೆ ಶಾಖದ ಈ ಗುಟ್ಟಿನ ಮೊದಲ ಸುಳಿವು ಸಿಕ್ಕಿದ್ದು ಆಫ್ರಿಕಾದ ಸೆನೆಗಲ್‌ನಲ್ಲಿ, ಒಂದು ಜಾತಿಯ ಓತಿಕ್ಯಾತದಿಂದ. 1966ರಲ್ಲಿ ಮ್ಯಾಡೆಲೀನ್ ಶಾರ್ನಿಯೇ ಎಂಬ ವಿಜ್ಞಾನಿ ಅದನ್ನು ಬರೆದಾಗ ಗಮನಿಸಿದವರು ಕಡಿಮೆ.

ರಂಗನತಿಟ್ಟಿನಿಂದ ಜೋಗದ ಹಾದಿಯಾಗಿ ಘಟ್ಟ ಇಳಿದೆ. ಕತ್ತಲೆಕಾನಿನ ರಾಂಪತ್ರೆ ಜಡ್ಡಿಗಳಲ್ಲಿ, ಅಂದರೆ ಅಲ್ಲಿಯ ಜೌಗು ಕಾಡಿನಲ್ಲಿ, ಗಂಡುಮರ ಬೇರೆ, ಹೆಣ್ಣುಮರ ಬೇರೆ. ಇವುಗಳ ಬಳಗದ ಜಾಯಿಕಾಯಿಯದೂ ಅದೇ ರೀತಿ. ಬೀಜದ ಸಸಿ ನೆಟ್ಟ ಕೃಷಿಕರು ಅದು ಗಂಡೋ ಹೆಣ್ಣೋ ಎಂದು ತಿಳಿಯಲು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಅದಕ್ಕೇ ಹೆಣ್ಣುಮರದ ಕಸಿಗೆ ಅಷ್ಟು ಬೇಡಿಕೆ.

ಹೊನ್ನಾವರ ದಾಟಿ, ಶರಾವತಿ ಕಡಲು ಸೇರುವಲ್ಲಿ, ಕಾಸರಕೋಡಿನ ಟೊಂಕ. ಇದು ಆಲಿವ್ ರಿಡ್ಲೆ ಕಡಲಾಮೆಗಳು ಬರುವ ಮರಳು. ಗೂಡು ಕಂಡಲ್ಲೆಲ್ಲ ಬಲೆಯ ಬೇಲಿ ಕಟ್ಟಿದ್ದರು. ಒಂದೊಂದು ಗೂಡಿನಲ್ಲೂ ಸುಮಾರು ನೂರು ಮೊಟ್ಟೆ. ಬೇಲಿಯ ಪಕ್ಕ ಕುಳಿತು ಅಂಗೈಯನ್ನು ಮರಳಿಗೆ ಒತ್ತಿದೆ. ಮೇಲ್ಪದರ ಸುಡುತ್ತಿತ್ತು, ಬೆರಳು ಒಳಗೆ ಹೋದಂತೆ ತಂಪು. ಮೊಟ್ಟೆಗಳಿರುವುದು ಇನ್ನೂ ಆಳದಲ್ಲಿ, ಒಂದೂವರೆ ಅಡಿ ಕೆಳಗೆ. ಅಲ್ಲಿಯ ಶಾಖ 29–30 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಗಂಡು ಹೆಣ್ಣು ಎರಡೂ. ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಕಾವೇರಿಯ ದಡದಲ್ಲಿ ಗಂಡನ್ನು ಕೊಡುವ ಬಿಸಿ ಇಲ್ಲಿ ಹೆಣ್ಣನ್ನು ಕೊಡುತ್ತದೆ!

ಮರಿ ಹೊರಬರಲು ಐವತ್ತು ದಿನದ ಆಜುಬಾಜು ಬೇಕು. ಆದರೆ ಲಿಂಗ ತೀರ್ಮಾನವಾಗುವುದು ನಡುವಿನ ಮೂರನೇ ಒಂದು ಪಾಲಿನಲ್ಲಿ. ಆ ದಿನಗಳಲ್ಲಿ ಬಿಸಿಯಿದ್ದರೆ ಅರೋಮಟೇಸ್ ಎಂಬ ಕಿಣ್ವ ಚುರುಕಾಗಿ ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ, ಎಳೆಯ ಜನನಗ್ರಂಥಿ ಅಂಡಾಶಯವಾಗುತ್ತದೆ. ಆ ಎರಡು ವಾರಗಳಲ್ಲಿ ಮೋಡ ಕವಿದರೆ, ಅಕಾಲದ ಮಳೆ ಬಿದ್ದರೆ, ಗಾಳಿಮರದ ನೆರಳು ಚಾಚಿದರೆ ಒಂದು ಪೀಳಿಗೆಯ ಪಾಡೇ ಬೇರೆ. ಮೊಟ್ಟೆಗಳನ್ನು ಕಾಪಾಡಲು ಚಪ್ಪರ ಹಾಕುವವರು ತಿಳಿದೋ ತಿಳಿಯದೆಯೋ ಎಷ್ಟು ಗಂಡು, ಎಷ್ಟು ಹೆಣ್ಣು ಎಂಬುದರಲ್ಲೂ ಕೈಯಾಡಿಸಿರುತ್ತಾರೆ.

ಸಂಜೆ ಒಂದು ಗೂಡಿನ ಮರಳು ಕುಸಿಯಿತು. ಒಂದರ ಮೇಲೊಂದು ಹತ್ತಿ ಮರಿಗಳು ಹೊರಬಂದವು, ಬೆರಳುದ್ದದ ಕಪ್ಪು ಜೀವಗಳು. ಅವುಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೊರನೋಟಕ್ಕೆ ಯಾರೂ ಹೇಳಲಾರರು. ಉಳಿದವು ದೊಡ್ಡವಾಗಿ ಮರಳಿ ಬರಲು ಹತ್ತು ಹದಿನೈದು ವರ್ಷ ಬೇಕು. ನಮ್ಮ ಹೊಗೆಯಿಂದ ಮರಳು ಕಾಯುತ್ತಿದ್ದರೆ ಅದರ ಲೆಕ್ಕ ಸಿಗುವಷ್ಟರಲ್ಲಿ ತಡವಾಗಿರುತ್ತದೆ ಎಂಬ ಭಯ ನನ್ನನ್ನು ಅಲ್ಲೇ ಹಿಡಿದುಕೊಂಡಿತು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ಬಿಸಿ ತೀರಗಳಲ್ಲಿ ಹುಟ್ಟಿದ ಹಸಿರು ಕಡಲಾಮೆಗಳನ್ನು ಪರೀಕ್ಷಿಸಿದಾಗ ಎಳೆಯವುಗಳಲ್ಲಿ ನೂರಕ್ಕೆ 99 ಹೆಣ್ಣೆಂದು 2018ರಲ್ಲಿ ವರದಿಯಾಯಿತು.

ಮರುದಿನ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿ. ನೀರಿಗಿಳಿದರೆ ಬಂಡೆಗಳ ಸಂದಿಯಲ್ಲಿ ಬಣ್ಣವೋ ಬಣ್ಣ. ಗಿಳಿಮೀನು, ರಾಸ್, ಗ್ರೂಪರ್. ಈ ಕುಲಗಳ ಎಷ್ಟೋ ಮೀನುಗಳಿಗೆ ಲಿಂಗ ಒಂದು ಜನ್ಮಕ್ಕೆ ಒಂದೇ ಅಲ್ಲ. ಹೆಣ್ಣಾಗಿ ಬಾಳಿ, ಮೊಟ್ಟೆಯಿಟ್ಟು, ಆಮೇಲೆ ಗಂಡಾಗುತ್ತವೆ. ಬೇರೆ ಮೀನುಗಳ ಮೈ ಶುಚಿ ಮಾಡುವ ಕ್ಲೀನರ್ ರಾಸ್ ಬಗ್ಗೆ ರಾಬರ್ಟ್‌ಸನ್ ಎಂಬ ವಿಜ್ಞಾನಿ 1972ರಲ್ಲಿ ಪ್ರಕಟಿಸಿದ ಸಂಗತಿ ಓದಿದ್ದೆ: ಗುಂಪಿನ ಒಂದೇ ಗಂಡು ಸತ್ತರೆ, ಹಿರಿಯ ಹೆಣ್ಣು ಒಂದೆರಡು ಗಂಟೆಯೊಳಗೆ ಗಂಡಿನ ಗತ್ತು ತೋರತೊಡಗುತ್ತದೆ, ಎರಡು ಮೂರು ವಾರದಲ್ಲಿ ಅದರ ಮೈಯಲ್ಲಿ ವೀರ್ಯಾಣು ಸಿದ್ಧ. ಇಲ್ಲಿ ತೀರ್ಪು ಕೊಡುವುದು ಶಾಖವಲ್ಲ, ಸುತ್ತಲಿನ ಸಮಾಜ. ಉಸಿರುಕೊಳವೆ ಕಚ್ಚಿಕೊಂಡು ತೇಲುತ್ತಾ ಆ ಪುಟ್ಟ ಮೀನುಗಳ ಓಡಾಟ ನೋಡುತ್ತಿದ್ದರೆ ಮೈ ಜುಮ್ಮೆಂದಿತು.

ದಡಕ್ಕೆ ಬಂದು ಮೀನುಪೇಟೆಗೆ ಹೋದೆ. ಒಬ್ಬ ಹೆಂಗಸಿನ ಬುಟ್ಟಿಯಲ್ಲಿ ದೊಡ್ಡದೊಂದು ಗ್ರೂಪರ್ ಇತ್ತು. ಇಷ್ಟು ದೊಡ್ಡದಾದರೆ ಇದು ಗಂಡಿರಬಹುದು, ಮೊದಲು ಹೆಣ್ಣಾಗಿದ್ದದ್ದೇ ಎಂದೆ. ಆಕೆ ಮೀನನ್ನು ಮಗುಚಿ ನೋಡಿದಳು. “ದೊಡ್ಡದಕ್ಕೇ ದರ. ದೊಡ್ಡದನ್ನೆಲ್ಲ ಹಿಡಿದರೆ ಗಂಡು ಎಲ್ಲಿಂದ ಬರ್ಬೇಕು?” ಎಂದಳು. ಅಮೆರಿಕದ ಪಕ್ಕದ ಮೆಕ್ಸಿಕೋ ಕೊಲ್ಲಿಯಲ್ಲಿ ಒಂದು ಜಾತಿಯ ಗ್ರೂಪರ್‌ಗೆ ಆದದ್ದನ್ನು ಹೇಳಿದೆ. 1970ರ ದಶಕದಲ್ಲಿ ನೂರಕ್ಕೆ 17ರಷ್ಟಿದ್ದ ಗಂಡುಗಳು ಮೀನುಗಾರಿಕೆ ಹೆಚ್ಚಿದ ಮೇಲೆ ಎರಡರ ಆಸುಪಾಸಿಗೆ ಇಳಿದವು. ಆಕೆ ಪಕ್ಕದ ಬುಟ್ಟಿಯವಳನ್ನು ಕರೆದು, ಇದನ್ನು ಕೇಳು ಎಂದು ನನ್ನಿಂದ ಮತ್ತೊಮ್ಮೆ ಮೊದಲಿಂದ ಹೇಳಿಸಿದಳು.