ಹಗ್ಗದ ಬಗ್ಗೆ ನೀ ಕೇಳಿದ್ದಿ

ಧಾರವಾಡ

ಪ್ರೀತಿಯ ಮಗಳಿಗೆ,

ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ಗಲ್ಲುಶಿಕ್ಷೆಯ ಪರ ವಾದಿಸುವ ಪಾಳಿ ಬಂದದ, ‘ಅವ್ವಾ, ನೀ ಏನಂತಿ?’ ಅಂತ ಕೇಳಿದ್ದಿ. ಫೋನಿನಲ್ಲಿ ಹೇಳಿದರೆ ಜಗಳಕ್ಕೆ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

2025ರ ಏಪ್ರಿಲ್ 13 ನೆನಪಿರಬೇಕು. ಹುಬ್ಬಳ್ಳಿಯಲ್ಲಿ ಐದು ವರ್ಷದ ಕೂಸನ್ನು ಎತ್ತಿಕೊಂಡು ಹೋಗಿ ಕೊಂದ ದಿನ. ಠಾಣೆಯ ಮುಂದೆ ಜನವೋ ಜನ, ಕೊಂದವನನ್ನು ನೇಣಿಗೆ ಹಾಕಿ ಎಂಬ ಕೂಗು. ಅದೇ ದಿನ ಆರೋಪಿ ಪೊಲೀಸರ ಗುಂಡಿಗೆ ಸತ್ತ; ದಾಳಿ ಮಾಡಿ ಓಡಲು ನೋಡಿದ ಎಂದರು ಪೊಲೀಸರು. ನಮ್ಮ ಓಣಿಯ ಹೆಣ್ಣುಮಕ್ಕಳು ‘ಚೊಲೊ ಆತು ಬಿಡ್ರಿ’ ಅಂದರು. ನನ್ನ ಕರುಳೂ ಹಾಗೇ ಅಂದಿತು, ಸುಳ್ಳು ಯಾಕೆ ಹೇಳಲಿ. ಆ ಕೂಸಿನ ಹಡೆದವ್ವ ಎದುರು ಕೂತು ಹಗ್ಗ ಬೇಕು ಅಂದರೆ ನಾನು ಎದುರಾಡುವವಳಲ್ಲ. ಆದರೆ ನೀನು ನಾಳೆ ಕರಿಕೋಟು ಹಾಕುವವಳು. ಸಾಕ್ಷಿ, ಪಾಟೀಸವಾಲು, ತೀರ್ಪು ಯಾವುದೂ ಅಂದು ನಡೆಯಲಿಲ್ಲ ಎಂಬುದು ನಿನ್ನನ್ನು ಚುಚ್ಚಬೇಕು.

ಕೋರ್ಟು ಸಾವಕಾಶ ನೋಡಿದಾಗ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿ ಜಿಲ್ಲೆಯ ಪ್ರಕರಣ ಓದು. 2017ರಲ್ಲಿ ಒಬ್ಬಾತ ಸಂಶಯದ ಹುಚ್ಚಿಗೆ ಹೆಂಡತಿ, ನಾದಿನಿ, ಮೂವರು ಮಕ್ಕಳನ್ನು ಕಡಿದು ಹಾಕಿದ. ಕೆಳಗಿನ ಕೋರ್ಟು ಗಲ್ಲು ಅಂದಿತು, 2023ರಲ್ಲಿ ನಮ್ಮ ಧಾರವಾಡದ ಹೈಕೋರ್ಟ್ ಪೀಠ ಹೌದೆಂದಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅವನ ಹಿನ್ನೆಲೆ, ಜೈಲಿನ ನಡತೆ ಎಲ್ಲ ತರಿಸಿ ನೋಡಿ, ಉಸಿರಿರುವ ತನಕ ಜೈಲು ಎಂದು ಬದಲಿಸಿತು. ಅಪರಾಧ ಮಾಡಿಲ್ಲ ಅನ್ನಲಿಲ್ಲ, ಬಿಟ್ಟೂ ಕಳಿಸಲಿಲ್ಲ. ಐದು ಹೆಣಗಳ ಮುಂದೆ ನಿಂತು ಇಷ್ಟು ತಾಳ್ಮೆ ತೋರುವುದು ಸಣ್ಣ ಮಾತಲ್ಲ. ನನಗೆ ಆ ಶಿಕ್ಷೆ ಸಾಕು ಅನಿಸುತ್ತದೆ.

ಇನ್ನು ಬೆಳಗಾವಿಯ ಹಿಂಡಲಗಾ ಜೈಲು. ಅಲ್ಲಿ ಕಡೆಯ ಗಲ್ಲು 1983ರಲ್ಲಿ. ಆದರೆ ಗಲ್ಲಿಗೆ ಕಾಯುವವರು ಇದ್ದೇ ಇದ್ದರು. ಅವರಲ್ಲೊಬ್ಬ ಅತ್ಯಾಚಾರ, ಕೊಲೆಯ ಅಪರಾಧಿ ಉಮೇಶ್ ರೆಡ್ಡಿ. ಅವನ ಹೆಸರು ಕೇಳಿದರೆ ನಾವೆಲ್ಲ ಬಾಗಿಲ ಚಿಲಕ ಹಾಕುತ್ತಿದ್ದ ಕಾಲ ಇತ್ತು. 2006ರಿಂದ ಸುಮಾರು ಹತ್ತು ವರ್ಷ ಅವನನ್ನು ಅಲ್ಲಿ ಒಂಟಿ ಕೋಣೆಯಲ್ಲಿ ಇಟ್ಟರು. ಕ್ಷಮಾದಾನದ ಅರ್ಜಿ ತಿರಸ್ಕಾರವಾಗುವ ಮೊದಲೇ ಹಾಗೆ ಇಡಲು ಕಾನೂನಿನಲ್ಲಿ ಅವಕಾಶವಿಲ್ಲ. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇದೇ ಕಾರಣಕ್ಕೆ ಗಲ್ಲು ತೆಗೆದು, ಕನಿಷ್ಠ 30 ವರ್ಷ ಜೈಲು ಅಂದಿತು. ಅವನ ಮೇಲೆ ನನಗೆ ಕನಿಕರವಿಲ್ಲ. ಆದರೆ ಕಾನೂನು ಮುರಿದವನನ್ನು ಶಿಕ್ಷಿಸಲು ಹೊರಟ ಸರಕಾರ ತಾನೇ ಕಾನೂನು ಮುರಿದರೆ ಕೇಳುವವರು ಯಾರು? ಕೇಳಿದ್ದು ವಕೀಲರು.

ಬ್ರಿಟಿಷರ ವಿರುದ್ಧ ದಂಗೆ ಎದ್ದ ಸಂಗೊಳ್ಳಿ ರಾಯಣ್ಣನನ್ನೂ 1831ರಲ್ಲಿ ಅವರು ಕಾನೂನಿನ ಹೆಸರಲ್ಲೇ ನಂದಗಡದಲ್ಲಿ ನೇಣಿಗೆ ಹಾಕಿದರು. ಮಕ್ಕಳಾಗಲಿ ಅಂತ ಜನ ಇಂದಿಗೂ ಅಲ್ಲಿನ ಆಲದ ಮರಕ್ಕೆ ತೊಟ್ಟಿಲು ಕಟ್ಟುತ್ತಾರೆ. ಕೊಲೆಗಾರರ ಜೊತೆ ಅವನನ್ನು ತೂಗುತ್ತಿಲ್ಲ ಮತ್ತೆ, ತಪ್ಪು ತಿಳೀಬ್ಯಾಡ. ಹಗ್ಗ ಯಾವಾಗಲೂ ಆಳುವವರ ಕೈಯಲ್ಲೇ ಇರುತ್ತದೆ ಅಂದೆ, ಅಷ್ಟೇ.

ನನ್ನ ಚಿಂತೆ ಬೇರೆಯೇ ಇದೆ. ನೇಣು, ಎನ್‌ಕೌಂಟರ್ ಅಂತ ಎರಡು ದಿನ ಅರಚಿ ಮನೆಗೆ ಹೋದವರು, ಓಣಿಯ ಕೂಸುಗಳು ಎಲ್ಲಿ ಆಡುತ್ತಿವೆ ಎಂದು ಮೂರನೇ ದಿನ ನೋಡುವುದಿಲ್ಲ.

ಪಾಳಿ ಬಂದದ್ದು ಪರವಾಗಿ ತಾನೇ, ಗಟ್ಟಿಯಾಗಿಯೇ ವಾದಿಸು. ಆದರೆ ಹಗ್ಗ ಕೇಳಲು ಎದ್ದು ನಿಲ್ಲುವ ಮೊದಲು ಸುಪ್ರೀಂ ಕೋರ್ಟಿನ ಆ ಎರಡೂ ತೀರ್ಪುಗಳನ್ನು ಪೂರ್ತಿ ಓದಿಕೊಂಡು ಹೋಗು.

ನಿನ್ನ ಅವ್ವ