ಬೂದಿ ಗುಡಿಸುವ ಮುನ್ನ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಬಳ್ಳಾರಿಯಲ್ಲಿ ವಿಮಾ ಸರ್ವೇಯರ್ ಆಗಿ ಓಡಾಡಲು ತೊಡಗಿದಾಗ ಬೆಂಕಿಗೆಲ್ಲ ಒಂದೇ ಕಾರಣ: ಶಾರ್ಟ್ ಸರ್ಕ್ಯೂಟ್. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಚೀಲ ಉರಿದರೂ ಅದೇ, ಬಳ್ಳಾರಿಯ ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಹೊತ್ತಿದರೂ ಅದೇ, ಕುರುಗೋಡಿನ ಗೋದಾಮು ಸುಟ್ಟರೂ ಅದೇ. ಹಾಗೆ ಬರೆದರೆ ಯಾರ ಮೇಲೂ ತಪ್ಪು ಬೀಳುತ್ತಿರಲಿಲ್ಲ. ನಷ್ಟ ಇಪ್ಪತ್ತು ಸಾವಿರ ರೂಪಾಯಿ ಮುಟ್ಟಿದರೆ ಸರ್ವೇಯರ್ ವರದಿ ಕಡ್ಡಾಯವಿತ್ತು, ನಿಜ. ಆದರೆ ನಾವು ತಲುಪುವಷ್ಟರಲ್ಲಿ ಪಂಚನಾಮೆ ಮುಗಿದು, ಬೂದಿ ಟ್ರ್ಯಾಕ್ಟರ್ ಹತ್ತಿ ಹೋಗಿರುತ್ತಿತ್ತು. ಸುಟ್ಟ ಮಾಲಿನ ಬೆಲೆ ಕಟ್ಟಿ ಬರುವುದಷ್ಟೇ ಉಳಿಯುತ್ತಿತ್ತು.

ಆಗ ಕಟ್ಟಡ ಕಟ್ಟುವ ಜಾಗದಲ್ಲಿ ಬೆಂಕಿ ಅಪರೂಪ. ಗಾರೆ, ಇಟ್ಟಿಗೆ, ಸರ್ವೆ ಕಂಬ, ಕ್ಯೂರಿಂಗ್‌ಗೆ ನೆನೆಸಿದ ಗೋಣಿಚೀಲ, ಹೊತ್ತುವಂಥದ್ದು ಕಡಿಮೆ. ಮುಂದೆ ಗಣಿಯ ದುಡ್ಡು ಹರಿದು ಊರು ಮೇಲಕ್ಕೆ ಬೆಳೆಯಿತು. ಪ್ಲೈವುಡ್, ಥರ್ಮಾಕೋಲ್, ಪಿವಿಸಿ ಪೈಪು, ಥಿನ್ನರ್ ಡಬ್ಬಿಗಳ ಪಕ್ಕದಲ್ಲೇ ವೆಲ್ಡಿಂಗ್ ಸೆಟ್ಟು, ಗ್ಯಾಸ್ ಕಟರ್ ಬಂದವು.

ಅಂಥದೊಂದು ಅರೆಬರೆ ಕಟ್ಟಡ ಬೇಸಿಗೆಯ ರಾತ್ರಿ ಸುಟ್ಟಿತು. ಎಲ್ಲರೂ ಶಾರ್ಟ್ ಸರ್ಕ್ಯೂಟ್ ಎಂದರು. ಕಾವಲುಗಾರ ಮಾತ್ರ, "ಸಂಜೀಕ ಮ್ಯಾಲೆ ಗ್ರಿಲ್ ವೆಲ್ಡಿಂಗ್ ಮಾಡಿ ಹೋದ್ರು ಸರ್. ಊಟದ ಹೊತ್ತಿಗೆ ಗೋಣಿ ಸುಟ್ಟ ವಾಸನೆ ಬಂತ್ರಿ," ಎಂದ. ಬಿದ್ದ ಕಿಡಿ ಒಣಗಿದ ಗೋಣಿಯಲ್ಲೋ ಮರದ ಹೊಟ್ಟಿನಲ್ಲೋ ತಾಸುಗಟ್ಟಲೆ ಹೊಗೆಯಾಡಿ ಆಮೇಲೆ ಉರಿಯುತ್ತದೆ. ಗ್ರಿಲ್ಲಿನ ಕೆಳಗಿನ ಗೋಡೆಯ ಮಸಿ, ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ, ಅವನ ಮಾತಿಗೆ ಸಾಕ್ಷಿ ಹೇಳುತ್ತಿತ್ತು.

ಕರಗಿದ ತಾಮ್ರದ ತಂತಿ ತೋರಿಸಿ ವಾದಿಸುವವರು ಈಗಲೂ ಇದ್ದಾರೆ. ತಂತಿಯ ತುದಿಯಲ್ಲಿ ದುಂಡನೆಯ ಮಣಿ ಕಂಡರೆ ಅಲ್ಲಿ ಶಾರ್ಟ್ ಆದದ್ದು ನಿಜ. ಆದರೆ ಬೆಂಕಿಯೇ ತಂತಿಯ ಹೊದಿಕೆಯನ್ನು ಕರಗಿಸಿದಾಗಲೂ ಶಾರ್ಟ್ ಆಗುತ್ತದೆ. ಬೆಂಕಿ ಮೊದಲೋ ಶಾರ್ಟ್ ಮೊದಲೋ ಎಂಬುದೇ ಇಡೀ ತನಿಖೆ.

ಕಾರಣ ಒಂದೇ ಎಂದುಕೊಂಡರೂ ಪಾಠ ಅರ್ಧವೇ. 1989ರ ಫೆಬ್ರುವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದ ಸೆಟ್ ಉರಿದು 62 ಜನ ಸತ್ತರು. ಕಿಡಿಯಷ್ಟೇ ಅಲ್ಲ, ಗೋಡೆಗೆ ಹೊಡೆದಿದ್ದ ಗೋಣಿ, ಗಾಳಿಯಾಡದ ಒಳಾಂಗಣವೂ ಕೊಂದವು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಡಕ್ಟಿನಿಂದ ಏರಿದ ಹೊಗೆ ಒಂಬತ್ತು ಜನರನ್ನು ಬಲಿ ತೆಗೆದುಕೊಂಡಿತು. 2019ರಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು ಸುಟ್ಟಾಗ, ಅಲ್ಲಿನ ಪ್ರಾಸಿಕ್ಯೂಟರ್ ಎರಡು ತಿಂಗಳ ಬಳಿಕ ಸಿಗರೇಟಿನ ತುಂಡೋ ವಿದ್ಯುತ್ ದೋಷವೋ ಇರಬಹುದು, ಖಚಿತವಾಗಿ ಹೇಳಲಾಗದು ಎಂದರು. ಅಂಥ ವಾಕ್ಯ ಬರೆಯುವ ಧೈರ್ಯ ನಮ್ಮ ವರದಿಗಳಿಗೆ ತಡವಾಗಿ ಬಂತು.

ಈಗ ಸಿಸಿಟಿವಿ ಇದೆ, ಕೂಲಿಯವರ ಮೊಬೈಲಿನಲ್ಲೂ ಮೊದಲ ಹೊಗೆಯ ವಿಡಿಯೊ ಸಿಗುತ್ತದೆ. ಬೂದಿ ಎತ್ತುವ ಅವಸರ ಮಾತ್ರ ಹಾಗೇ ಇದೆ. ಕಟ್ಟಡ ಕಟ್ಟಿಸುವವರಿಗೆ ನನ್ನ ಮಾತು ಇಷ್ಟೇ: ವೆಲ್ಡಿಂಗ್ ಮುಗಿದ ಮೇಲೆ ಒಂದು ತಾಸು ಒಬ್ಬರನ್ನು ನೀರಿನೊಂದಿಗೆ ಅಲ್ಲೇ ಕಾಯಲು ನಿಲ್ಲಿಸಿ. ಅಷ್ಟಾಗಿಯೂ ಬೆಂಕಿ ಬಿದ್ದರೆ, ಆರಿಸಿದ ಮೇಲೆ ತನಿಖೆಯವರು ಬರುವ ತನಕ ಪೊರಕೆ ಮುಟ್ಟಬೇಡಿ.