ಬಳಸುದಾರಿ

ಕನ್ನಡ ಅಧ್ಯಾಪಕನಾದವನಿಗೆ ಮಾತೇ ಬಂಡವಾಳ. ಗಂಟೆ ಬಾರಿಸಿದೊಡನೆ ಮಾತು ಪ್ರಾರಂಭವಾದರೆ ಮತ್ತೆ ಗಂಟೆ ಬಾರಿಸುವವರೆಗೆ ಅದಕ್ಕೆ ತಡೆಯಿಲ್ಲ. ಹತ್ತು ವರ್ಷ ಈ ವೃತ್ತಿಯಲ್ಲಿ ಕಳೆದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ನಾಲ್ಕು ಜನ ಸುಮ್ಮನೆ ಕುಳಿತಿರುವುದನ್ನು ಕಂಡರೆ ಅವರಿಗೆ ಏನಾದರೂ ಬೋಧಿಸಬೇಕೆನ್ನಿಸುತ್ತದೆ. ನನಗೂ ಈ ರೋಗವಿದ್ದಿತು. ಪೂರ್ತಿ ವಾಸಿಯಾಯಿತೆಂದು ಹೇಳಲಾರೆ. ಆದರೆ ಅದಕ್ಕೆ ತಕ್ಕ ಚಿಕಿತ್ಸೆ ದೊರೆತದ್ದು ಹೊಳಲ್ಕೆರೆ ತಾಲ್ಲೂಕಿನ ಹೋಬಳಿ ಊರಾದ ತಾಳ್ಯದಲ್ಲಿ.

ನನ್ನ ಬಾಲ್ಯಸ್ನೇಹಿತನೊಬ್ಬ ವೈದ್ಯ. ಆ ಕಡೆಯ ಹಳ್ಳಿಗಳ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರನ್ನು ಚೆನ್ನಾಗಿ ಬಲ್ಲವನು. ಒಂದು ಭಾನುವಾರ ಮನೆಗೆ ಬಂದವನು, "ಈ ಹೆಂಗಸರು ಊರಿನವರ ಕಷ್ಟವನ್ನೆಲ್ಲ ಕೇಳುತ್ತಾರೆ, ಇವರ ಕಷ್ಟವನ್ನು ಕೇಳುವವರಿಲ್ಲ. ತಿಂಗಳಿಗೊಮ್ಮೆ ಹತ್ತು ಮಂದಿ ಒಟ್ಟಿಗೆ ಕುಳಿತು ತಮ್ಮ ಕೆಲಸವನ್ನು ತಾವೇ ಹಿಂದಿರುಗಿ ನೋಡಬೇಕು. ಮೇಲಧಿಕಾರಿ ಎದುರಿಗಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ನೀನು ಹೊರಗಿನವನು, ಬಂದು ನಡೆಸಿಕೊಡು" ಎಂದನು. ಮಾತನಾಡಲು ಕರೆಯುತ್ತಿದ್ದಾನೆಂದು ಭಾವಿಸಿ ಸಂತೋಷದಿಂದ ಒಪ್ಪಿಕೊಂಡೆನು.

ನಗರವಾಸಿಗಳಾದ ವಾಚಕರಿಗೆ ಇವರ ಕೆಲಸದ ವಿಸ್ತಾರ ತಿಳಿದಿರಲಾರದು. ಅಂಗನವಾಡಿಗಳ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆಗಳಲ್ಲಿ. ಆಶಾ ಕಾರ್ಯಕರ್ತೆಯರು ಬಂದದ್ದು 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ. ಸುಮಾರು ಒಂದು ಸಾವಿರ ಜನಸಂಖ್ಯೆಗೆ ಒಬ್ಬಾಕೆ. ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಹೋಗಿ ಆಕೆ ತಾಯಿಯನ್ನೂ ಮಗುವನ್ನೂ ನೋಡಬೇಕು. ಹೋದ ಮನೆಯಲ್ಲಿ ಕಂಡದ್ದನ್ನು ಬರೆಯಲು ಪುಸ್ತಕವಿದೆ. ಕಂಡದ್ದರಿಂದ ತನಗೇನಾಯಿತೆಂಬುದನ್ನು ಬರೆಯಲು ಅದರಲ್ಲಿ ಅಂಕಣವಿಲ್ಲ.

ಮೊದಲ ಸಭೆಗೆ ನಾನು ಮೂರು ಪುಟ ಟಿಪ್ಪಣಿ ಮಾಡಿಕೊಂಡು ಹೋದೆನು. ಕಾಯಕದ ಮಹಿಮೆಯನ್ನು ಹೇಳಿದೆನು. ಅದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿ, 'ತಿರುಕ' ಎಂಬ ಹೆಸರಿನಲ್ಲಿ ಬರೆದು, ರೋಗಿಗಳ ಸೇವೆಯಲ್ಲಿ ಬಾಳನ್ನು ಸವೆಸಿ 1996ರಲ್ಲಿ ತೀರಿಕೊಂಡ ರಾಘವೇಂದ್ರ ಸ್ವಾಮಿಗಳನ್ನು ನೆನೆದೆನು. ಐವತ್ತು ನಿಮಿಷವಾಯಿತು. ಅವರು ಚಪ್ಪಾಳೆ ತಟ್ಟಿ, ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಬಾಗಿಲ ಬಳಿ ಒಬ್ಬಾಕೆ ನಿಂತು ಸಂಕೋಚದಿಂದ, "ಸಾರ್, ಮಾತಾಡೋದಕ್ಕೆ ಅಂತ ಕರೆದಿದ್ರು. ನಾವು ಯಾವಾಗ ಮಾತಾಡೋದು?" ಎಂದು ಕೇಳಿದಳು.

ಇದನ್ನು ಹೇಳಿದಾಗ ಸ್ನೇಹಿತನು ಮನಸಾರ ನಕ್ಕು, ಮೈಕೇಲ್ ಬಾಲಿಂಟ್ ಎಂಬ ವೈದ್ಯನ ವಿಚಾರ ತಿಳಿಸಿದನು. ಹಂಗೇರಿಯಿಂದ ಇಂಗ್ಲೆಂಡಿಗೆ ಬಂದು ನೆಲೆಸಿದ ಈತನು 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಸಾಮಾನ್ಯ ವೈದ್ಯರನ್ನು ಗುಂಪಾಗಿ ಕೂರಿಸಿಕೊಂಡು, ಅವರ ರೋಗಿಗಳ ಬಗ್ಗೆ ಅವರಿಂದಲೇ ಮಾತನಾಡಿಸುತ್ತಿದ್ದನು. 1957ರಲ್ಲಿ ಅದನ್ನು ಕುರಿತು ಗ್ರಂಥವನ್ನೂ ಬರೆದನು. ಅದೇ ಕಾಲದಲ್ಲಿ ಇಸಬೆಲ್ ಮೆನ್ಜೀಸ್ ಎಂಬಾಕೆ ಲಂಡನ್ನಿನ ಆಸ್ಪತ್ರೆಯೊಂದರ ದಾದಿಯರನ್ನು ಕುರಿತು ಅಧ್ಯಯನ ಮಾಡಿದಳು. ಅವರು ರೋಗಿಯನ್ನು ಹೆಸರಿನಿಂದಲ್ಲದೆ ಹಾಸಿಗೆಯ ಸಂಖ್ಯೆಯಿಂದಲೋ ರೋಗದ ಹೆಸರಿನಿಂದಲೋ ಗುರುತಿಸುತ್ತಿದ್ದರಂತೆ. ಅದು ಕಲ್ಲೆದೆಯಲ್ಲ, ನೋವು ತಮಗೆ ತಗುಲದಂತೆ ಆಸ್ಪತ್ರೆಯೇ ರೂಢಿಸಿಕೊಂಡ ಉಪಾಯವೆಂದು ಆಕೆ ತಿಳಿದಳು.

ಹೀಗೆ ನಮ್ಮ ಸಭೆಗೂ ಕೆಲವು ನಿಯಮಗಳಾದವು. ಶಾಲೆಯ ಕೊಠಡಿಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕುವುದು. ಹಾಜರಿ ಪುಸ್ತಕವಿಲ್ಲ, ಫೋಟೋ ಇಲ್ಲ. ಇಲ್ಲಿಯ ಮಾತು ಹೊಸ್ತಿಲು ದಾಟಬಾರದು. ಒಬ್ಬಾಕೆ ತನ್ನ ಮನಸ್ಸಿನಿಂದ ಹೋಗದ ಒಂದು ಸಂಗತಿಯನ್ನು ಹೇಳುವುದು. ತಿಳಿಯದಿದ್ದುದನ್ನು ಉಳಿದವರು ಕೇಳಿಕೊಳ್ಳುವುದು. ಆಮೇಲೆ ಹೇಳಿದಾಕೆ ಹಿಂದೆ ಸರಿದು ಕೂರಬೇಕು. ಕೇಳುತ್ತಿದ್ದಾಗ ತಮಗೇನನ್ನಿಸಿತೆಂದು ಇತರರು ಹೇಳಬೇಕು. ಉಪದೇಶ ಕೂಡದು. ನನ್ನ ಕೆಲಸ ಹೊತ್ತು ನೋಡುವುದು, ಒಬ್ಬರೇ ಮಾತನಾಡದಂತೆ ಕಾಯುವುದು, ಮಿಕ್ಕ ವೇಳೆ ಬಾಯಿ ಮುಚ್ಚಿಕೊಂಡಿರುವುದು.

ಮೂರನೆಯ ಸಭೆಯಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಮಾತನಾಡಿದಳು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಕ್ಕದಂತೆ ವಿವರಗಳನ್ನು ಬದಲಾಯಿಸಿ ಬರೆಯುತ್ತಿದ್ದೇನೆ. ಹದಿನಾಲ್ಕನೆಯ ದಿನ ಹೋದಾಗ ಮಗು ಹಾಲು ಸರಿಯಾಗಿ ಕುಡಿಯುತ್ತಿರಲಿಲ್ಲ. ಆಸ್ಪತ್ರೆಗೆ ಒಯ್ಯಿರೆಂದಳು. ನಾಳೆ ಅಮಾವಾಸ್ಯೆ, ನಾಡಿದ್ದು ಹೋಗೋಣವೆಂದರು ಹಿರಿಯರು. ಇನ್ನೊಂದು ಮನೆಗೆ ಹೋಗಬೇಕಾಗಿದ್ದರಿಂದ ಆಕೆ ಹೆಚ್ಚು ವಾದಿಸಲಿಲ್ಲ. ಆ ರಾತ್ರಿಯೇ ಮಗು ತೀರಿಕೊಂಡಿತು.

"ಅವತ್ತಿಂದ ಆ ಬೀದಿಗೆ ಹೋಗಿಲ್ಲ. ಕೆರೆ ಏರಿ ಹತ್ತಿ, ಅಡಿಕೆ ತೋಟದ ಹಿಂದೆ ಬಳಸಿಕೊಂಡು ಹೋಗ್ತೀನಿ" ಎಂದು ಹೇಳಿ ಸುಮ್ಮನಾದಳು.

"ಅದು ನಿಮ್ಮ ತಪ್ಪಲ್ಲವಮ್ಮ" ಎಂಬ ವಾಕ್ಯ ನನ್ನ ನಾಲಗೆಯ ತುದಿಗೆ ಬಂದಿತು. ಆಗ ಹಠಾತ್ತನೆ ನೆನಪಾದದ್ದು ನನ್ನ ತಂದೆಯವರ ಕೊನೆಯ ದಿನಗಳು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಅವರ ಮೈ ಒರೆಸಿ, ಬಟ್ಟೆ ಬದಲಾಯಿಸಿದ ಆಯಾ ಒಬ್ಬಳಿದ್ದಳು. ಅವರು ಹೋದ ಬೆಳಿಗ್ಗೆ ಆಕೆ ಮೊಗಸಾಲೆಯಲ್ಲಿ ನಿಂತು ಅಳುತ್ತ, ಏನನ್ನೋ ಹೇಳಲು ಬಾಯಿ ತೆರೆದಿದ್ದಳು. ನಾನು, "ಯಾರ ತಪ್ಪೂ ಇಲ್ಲಮ್ಮ" ಎಂದು ಕೈಗೆ ಒಂದು ನೋಟನ್ನಿಟ್ಟು ಮುಂದೆ ನಡೆದಿದ್ದೆನು. ಆಕೆ ಹೇಳಬೇಕೆಂದಿದ್ದುದು ಏನೋ, ಇಂದಿಗೂ ಅರಿಯೆನು. ಹೆಸರನ್ನೂ ಕೇಳಿರಲಿಲ್ಲ. ನನ್ನ ಸಮಾಧಾನದ ಮಾತು ಆಕೆಗಲ್ಲ, ನನಗೆ ಬೇಕಾಗಿದ್ದಿತು.

ತುಟಿ ಕಚ್ಚಿಕೊಂಡು ಕುಳಿತೆನು. ಎರಡು ನಿಮಿಷವಿದ್ದಿರಬಹುದು; ನನಗೆ ಒಂದು ಯುಗವಾಯಿತು. ಕೊನೆಗೆ ಹಿರಿಯ ಅಂಗನವಾಡಿ ಕಾರ್ಯಕರ್ತೆಯೊಬ್ಬಳು, "ನನಗೂ ಅಂಥದ್ದೊಂದು ಮನೆ ಐತೆ" ಎಂದಳು. ಇನ್ನೊಬ್ಬಳು ತನ್ನದನ್ನು ಹೇಳಿದಳು. ಹತ್ತು ಮಂದಿಯಲ್ಲಿ ನಾಲ್ವರಿಗೆ ಕಾಲಿಡದ ಬೀದಿಗಳಿದ್ದವು. ಅನಂತರ ಯಾರೋ ಮೆಲ್ಲನೆ, "ಆ ಹುಡುಗಿ ಈಗ ಹೆಂಗಿದಾಳೆ?" ಎಂದು ಕೇಳಿದರು.

"ಮತ್ತೆ ಬಸಿರಂತೆ. ಮೂರು ತಿಂಗಳು ಅಂತಾರೆ."

"ತಾಯಿ ಕಾರ್ಡು?"

"ಮಾಡ್ಸಿಲ್ಲ."

ಯಾರೂ ಗದರಿಸಲಿಲ್ಲ. ಹೇಳಿದಾಕೆಗೇ ತನ್ನ ಮಾತು ತನ್ನ ಕಿವಿಗೆ ಬಿದ್ದಂತೆ ತೋರಿತು. ಒಳಗೆ ಬಚ್ಚಿಟ್ಟ ದುಃಖ ದುಃಖವಾಗಿಯೇ ಉಳಿಯುವುದಿಲ್ಲವೆಂದು ನನಗೆ ಅಂದು ಅರ್ಥವಾಯಿತು. ಅದು ದಾರಿಯನ್ನು ಬದಲಾಯಿಸುತ್ತದೆ. ದಾರಿ ಬದಲಾದಾಗ ಒಬ್ಬ ಬಸುರಿ ಯಾರ ಕಣ್ಣಿಗೂ ಬೀಳದೆ ಹೋಗುತ್ತಾಳೆ. ಮೇಲಧಿಕಾರಿಯ ಮುಂದೆ ಇದು ಕರ್ತವ್ಯಲೋಪವೆನಿಸಿಕೊಳ್ಳುತ್ತಿದ್ದಿತು. ಹಾಗೆ ಕರೆಯುವರೆಂಬ ಭಯದಿಂದಲೇ ಹೊರಗೆ ಬರುತ್ತಿರಲಿಲ್ಲ.

ಮರುತಿಂಗಳು ಆಕೆ ತಡವಾಗಿ ಬಂದಳು. ಹಿಂದಿನ ಬುಧವಾರ ಆ ಮನೆಗೆ ಹೋಗಿದ್ದಳಂತೆ. ಹಿರಿಯಾಕೆ ಬೀದಿಯ ತಿರುವಿನವರೆಗೆ ಜೊತೆಯಲ್ಲಿ ನಡೆದಿದ್ದಳು. ಬಾಗಿಲಲ್ಲಿದ್ದ ಅತ್ತೆ ಏನೂ ಅನ್ನದೆ ಒಳಗೆ ಹೋಗಿ ಚಾಪೆ ತಂದು ಹಾಸಿದಳು. ಕಾರ್ಡು ಆಯಿತು.

ಇದರಿಂದ ಎಲ್ಲವೂ ಸರಿಹೋಯಿತೆಂದು ವಾಚಕರು ತಿಳಿಯಬಾರದು. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಧರಣಿ ಕುಳಿತರು. ನಮ್ಮ ಗುಂಪಿನ ಒಬ್ಬಾಕೆ ಒಮ್ಮೆ, "ನೀವು ಕೇಳಿದ್ರೆ ಹೊಟ್ಟೆ ತುಂಬಲ್ಲ ಸಾರ್. ಆದ್ರೆ ಮನೆಗೆ ಹೋದ ಮೇಲೆ ಮಕ್ಕಳ ಮೇಲೆ ರೇಗೋದು ಕಡಿಮೆ ಆಗೈತೆ" ಎಂದಳು. ಅಷ್ಟಕ್ಕಿಂತ ಹೆಚ್ಚಿನದನ್ನು ನಾನೂ ಹೇಳಲಾರೆ.

ವಾಚಕರೇ, ನಿಮ್ಮ ಮನೆಯಲ್ಲಿಯೂ ವೃದ್ಧರನ್ನೋ ರೋಗಿಯನ್ನೋ ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳು ಇರಬಹುದು. ಇಂದು ಸಂಜೆ ಆಕೆ ಹೊರಡುವ ಮುನ್ನ, "ಈ ದಿನ ಹೇಗೆ ಕಳೆಯಿತಮ್ಮ?" ಎಂದು ಕೇಳಿರಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಕೇಳುವುದಕ್ಕಿಂತ ಸುಮ್ಮನಿರುವುದೇ ಕಷ್ಟ. ಮೇಷ್ಟರಾದವರಿಗಂತೂ ಬಹಳ ಕಷ್ಟ.